ಕಣ್ಣು ಮುಚ್ಚಿ ಎದ್ದು ನಿಂತವರು

ಒಳ್ಳೆಯ ಕೆಲಸ ಮಾಡುವವರ ಕೈಗೆ ಒಮ್ಮೆ ಸಿಕ್ಕಿಬಿದ್ದರೆ ಪ್ರಸಂಗಗಳು ತಾವಾಗಿಯೇ ಹುಡುಕಿಕೊಂಡು ಬರುತ್ತವೆ. ಬ್ಯಾಂಕಿನಿಂದ ನಿವೃತ್ತನಾಗಿ ಮುಂಬಯಿ ಹತ್ತಿರದ ಡೊಂಬಿವಲಿಯಲ್ಲಿ ನೆಮ್ಮದಿಯಾಗಿ ಪೇಪರ್ ಓದುತ್ತಿದ್ದ ನನ್ನ ಗತಿ ಕೇಳಿ.

ಹಾಡಲು ಹೋದವರು

ನನ್ನನ್ನು ಹಿಡಿದುಹಾಕಿದ ಕ್ರೈಸ್ತ ಯುವಕ ಸಂಘ ಹುಟ್ಟಿದ್ದು ಯಾವ ಮಹಾ ಯೋಜನೆಯಿಂದಲೂ ಅಲ್ಲ. ಚರ್ಚಿನ ನಾಲ್ವರು ಹುಡುಗರು ಕ್ರಿಸ್‌ಮಸ್ ಹಾಡು ಹೇಳುತ್ತ ಠಾಣೆಯ ವಾಗ್ಳೆ ಎಸ್ಟೇಟಿನ ಚಾಳುಗಳನ್ನು ಸುತ್ತುತ್ತಿದ್ದರಂತೆ. ಒಬ್ಬ ತಾಯಿ ಎರಡು ಹಾಡು ಕೇಳಿ, ನಿಮಗೆ ಇಷ್ಟು ಪುರುಸೊತ್ತಿದ್ದರೆ ಒಳಗೆ ಬಂದು ನನ್ನ ಮಗಳಿಗೆ ಗಣಿತ ಹೇಳಿಕೊಡಿ ಅಂದಳು. ಹುಡುಗರು ಗಿಟಾರ್ ಕೆಳಗಿಟ್ಟು ಕೂತರು. ಮರುದಿನ ಒಂಬತ್ತು ಮಕ್ಕಳು ಪುಸ್ತಕ ಹಿಡಿದು ಕಾಯುತ್ತಿದ್ದರು. ಸಂಘ ಶುರುವಾಯಿತು. ನಾಲ್ವರಲ್ಲಿ ಒಬ್ಬನಿಗೂ ಗಣಿತ ಬರುವುದಿಲ್ಲ ಎಂಬುದು ಆಮೇಲೆ ತಿಳಿಯಿತು.

ಜಗಳಕ್ಕೆ ಹೋದವನು

ಸಂಘ ಬೆಳೆದು, ಮನೆಗೆಲಸದವರ ಮತ್ತು ವಾಚ್‌ಮನ್‌ಗಳ ಮಕ್ಕಳಿಗೆಂದು ನಮ್ಮ ಹೌಸಿಂಗ್ ಸೊಸೈಟಿಯ ಹಾಲಿನಲ್ಲೂ ಶನಿವಾರ, ಭಾನುವಾರ ಪಾಠ ಶುರುಮಾಡಿತು. ಗದ್ದಲ ತಾಳದೆ ಬೈಯಲೆಂದೇ ಕೆಳಗಿಳಿದೆ. ಅವರ ಮುಖಂಡ, ಉಡುಪಿ ಕಡೆಯ ತರುಣ, ಎಲ್ಲವನ್ನೂ ತಲೆದೂಗುತ್ತ ಕೇಳಿ, ಕೈಗೆ ಚಹಾ ಕೊಟ್ಟ.

"ನೀವು ಹೇಳುವುದು ಸರಿ ಉಂಟು ಅಂಕಲ್. ಆದರೆ ನಿಮ್ಮ ಸ್ವರ ಕಡೇ ಸಾಲಿನವರೆಗೆ ಕೇಳ್ತದೆ ನೋಡಿ. ನಮ್ಮದು ಕೇಳುವುದಿಲ್ಲ."

ಮೇಲೆ ಬಂದಾಗ, ಜಗಳ ಏನಾಯಿತು ಎಂದು ಹೆಂಡತಿ ಕೇಳಿದಳು.

"ನಾಳೆ ಐದಕ್ಕ ಭಿನ್ನರಾಶಿ," ಅಂದೆ.

ಅರ್ಧ ನಿಮಿಷ

ಯಾವ ಕೆಲಸಕ್ಕೂ ಮೊದಲು ಎದ್ದು ನಿಂತು ಅರ್ಧ ನಿಮಿಷ ಕಣ್ಣು ಮುಚ್ಚುವುದು ಸಂಘದ ಪದ್ಧತಿ. ಅವರು ಯೇಸುವನ್ನು ನೆನೆಯುತ್ತಾರೆ, ನಾನು ಮನೆದೇವರನ್ನು, ಮಕ್ಕಳು ವಡಾಪಾವನ್ನು. ಎರಡು ವರ್ಷದಲ್ಲಿ ಅದು ನನಗೆ ಎಷ್ಟು ಅಂಟಿತೆಂದರೆ, ಹಲ್ಲಿನ ಡಾಕ್ಟರ ಕುರ್ಚಿ ಏರುವ ಮೊದಲೂ ಕಣ್ಣು ಮುಚ್ಚಿ ನಿಂತುಬಿಡುತ್ತೇನೆ. ಡಾಕ್ಟರು ಅದನ್ನು ಹೆದರಿಕೆ ಎಂದುಕೊಂಡಿದ್ದಾರೆ. ಅದೂ ಇದೆ ಅನ್ನಿ.

ಶ್ರದ್ಧಾಂಜಲಿ

ಕಳೆದ ವರ್ಷ ಸೊಸೈಟಿಯ ಅಧ್ಯಕ್ಷರು, ಮಕ್ಕಳು ಗೋಡೆ ಹೊಲಸು ಮಾಡುತ್ತಾರೆ, ಪಾಠ ನಿಲ್ಲಿಸಿ ಎಂದು ಹಟ ಹಿಡಿದರು. ವಾರ್ಷಿಕ ಸಭೆಯಲ್ಲಿ ತೀರ್ಮಾನ. ನಮ್ಮ ಆರು ಹುಡುಗಿಯರು ಹತ್ತನೆಯ ತರಗತಿಯ ಪರೀಕ್ಷೆಗೆ ಕೂರುವವರಿದ್ದರು. ಅವರಿಗೆ ಓದಲು ಬೇರೆ ಜಾಗವಿರಲಿಲ್ಲ. ನನಗೆ ನಿಜಕ್ಕೂ ಸಂಕಟವಾಗಿತ್ತು.

ಸಭೆ ಅದೇ ಹಾಲಿನಲ್ಲಿ. ಸೆಕ್ರೆಟರಿ ಶುರುಮಾಡೋಣ ಎಂದದ್ದೇ ತಡ, ಅಭ್ಯಾಸಬಲದಿಂದ ನಾನು ಎದ್ದು ಕಣ್ಣು ಮುಚ್ಚಿದೆ. ತಮ್ಮ ಮಾತು ಹೇಳಲು ಬಂದಿದ್ದ ಸಂಘದವರೂ ಎದ್ದರು. ನಮ್ಮನ್ನು ನೋಡಿ ಸಭೆಗೆ ಸಭೆಯೇ ತಲೆ ತಗ್ಗಿಸಿ ನಿಂತಿತು. ಸೆಕ್ರೆಟರಿ ನನ್ನ ಕಿವಿಯ ಹತ್ತಿರ ಬಂದರು. ಅವರು ಬೆಳಗಾವಿಯವರು.

"ಯಾರು ಹೋದರ್ರೀ?"

ಪ್ರಾರ್ಥನೆಯ ನಡುವೆ ಮಾತಾಡಬಾರದಲ್ಲ. ನಾನು ಸುಮ್ಮನಿದ್ದೆ. ಅವರು ಸುತ್ತ ನೋಡಿದರು. ಅಧ್ಯಕ್ಷರ ಕುರ್ಚಿ ಖಾಲಿಯಿತ್ತು.

ಎಲ್ಲರೂ ಕೂತ ಮೇಲೆ ಸೆಕ್ರೆಟರಿ ಗದ್ಗದಿತರಾಗಿ, ಅಧ್ಯಕ್ಷರಂಥ ದೊಡ್ಡ ಮನಸ್ಸಿನವರು ಇನ್ನು ಹುಟ್ಟುವುದಿಲ್ಲ, ಬಡಮಕ್ಕಳೆಂದರೆ ಅವರಿಗೆ ಪ್ರಾಣ, ಈ ಹಾಲ್ ಮಕ್ಕಳಿಗೇ ಇರಲಿ ಎಂಬುದು ಅವರ ಕೊನೆಯ ಆಸೆ ಎಂದೆಲ್ಲ ಹೇಳಿದರು. ಅಷ್ಟರಲ್ಲಿ ಹಿಂದಿನಿಂದ ಯಾರೋ ಮೂಗು ಒರೆಸಿಕೊಂಡ ಸದ್ದಾಯಿತು. ಬಾಗಿಲಲ್ಲಿ ಅಧ್ಯಕ್ಷರು ನಿಂತಿದ್ದರು. ಕಲ್ಯಾಣದ ಹತ್ತಿರ ಲೋಕಲ್ ರೈಲು ನಿಂತು ತಡವಾಗಿತ್ತಂತೆ.

ಅವರು ಕಣ್ಣೊರೆಸಿಕೊಂಡು ಬಂದು ಕುರ್ಚಿಯಲ್ಲಿ ಕೂತು, ಸೆಕ್ರೆಟರಿ ಹೇಳಿದ್ದರಲ್ಲಿ ಒಂದಕ್ಷರವೂ ಸುಳ್ಳಲ್ಲ ಎಂದು ಹಾಲ್ ಮಕ್ಕಳಿಗೇ ಬಿಟ್ಟುಕೊಟ್ಟರು. ಆರೂ ಹುಡುಗಿಯರು ಪಾಸಾದರು.

ಅಂದಿನಿಂದ ಅಧ್ಯಕ್ಷರು ಪ್ರತಿ ಸಭೆಗೂ ಹತ್ತು ನಿಮಿಷ ತಡಮಾಡಿಯೇ ಬರುತ್ತಾರೆ. ಬಂದವರು ಬಾಗಿಲ ಹೊರಗೆ ಸ್ವಲ್ಪ ಹೊತ್ತು ಕಿವಿಗೊಟ್ಟು ನಿಂತು, ಆಮೇಲೆ ಒಳಗೆ ಬರುತ್ತಾರೆ.