ರೋಮಿನ ರಾಣಿ ಮತ್ತು ನನ್ನ ಕಾಯಂ ನೌಕರಿ

ಮಾಸ್ತರಿಕೆ ಮಾಡಿದವನಿಗೆ ಫಜೀತಿಗಳ ಕೊರತೆಯಿಲ್ಲ. ನಾವು ಏನೋ ಹೇಳಿ ಮರೆಯುತ್ತೇವೆ, ಮಕ್ಕಳು ಅದನ್ನು ಮನೆಗೆ ಒಯ್ದು ಮಾಡಿಯೇ ಬಿಡುತ್ತಾರೆ.

ಎಪ್ಪತ್ತರ ದಶಕದ ಕೊನೆಗೆ ನಾನು ಹುನಗುಂದ ತಾಲೂಕಿನ ಒಂದು ಹೆಣ್ಣುಮಕ್ಕಳ ಶಾಲೆಯಲ್ಲಿ ಇತಿಹಾಸದ ಹಂಗಾಮಿ ಮಾಸ್ತರನಾಗಿದ್ದೆ. ಕಮತಗಿಯಲ್ಲಿ ಹೆಣ್ಣು ನೋಡಿ ಬಂದಿದ್ದೆ. ಹುಡುಗಿ ಒಪ್ಪಿದ್ದಳು, ನಾನಂತೂ ಅವಳು ಚಹಾ ತರುವ ಮೊದಲೇ ಒಪ್ಪಿದ್ದೆ. ಅವಳಪ್ಪ ಮಾತ್ರ, “ಕಾಯಂ ಆದ ಆರ್ಡರ್ ತಗೊಂಡ್ ಬರ್ರಿ, ಆಮ್ಯಾಲೆ ಮದಿವಿ, ಅಕ್ಕಿಕಾಳಿನ ಮಾತು” ಎಂದುಬಿಟ್ಟರು. ಕಾಯಂ ಆಗುವುದು ಆ ವರ್ಷದ ತಪಾಸಣೆಯ ಮೇಲೆ ನಿಂತಿತ್ತು.

ಒಂಬತ್ತನೆಯ ಇಯತ್ತೆಗೆ ರೋಮಿನ ಪಾಠ. ರಾಜರ ಹೆಸರು ಶುರುವಾದದ್ದೇ ತಡ, ಹುಡುಗಿಯರು ಆಕಳಿಸತೊಡಗಿದರು. “ಆ ಕಾಲದ ಹೆಂಗಸರು ಹೆಂಗ ಸಿಂಗಾರ ಮಾಡ್ಕೊಳ್ತಿದ್ರು ಗೊತ್ತೇನು?” ಎಂದೆ. ನಲವತ್ತು ಜೋಡಿ ಕಣ್ಣು ಒಮ್ಮೆಲೇ ತೆರೆದವು. ಅಲ್ಲಿಗೆ ನಾನು ಕೆಟ್ಟೆ.

೧. ಬೆಳ್ಳಗಿನ ಮಾರಿ

ರೋಮಿನ ಹೆಂಗಸರು ಬೆಳ್ಳಗೆ ಕಾಣಲು ಸುಣ್ಣದ ಪುಡಿ ಬಳಿದುಕೊಳ್ಳುತ್ತಿದ್ದರು ಎಂದೆ. ಮರುದಿನ ಶಾಲೆಯ ಸೀಮೆಸುಣ್ಣದ ಡಬ್ಬಿ ಖಾಲಿ. ಮುಂದಿನ ಸಾಲಿನ ಹುಡುಗಿಯರ ಮುಖಗಳು ಮಾತ್ರ ಫಳಫಳ.

ಹೆಡ್ ಮಾಸ್ತರು ಬಾಗಿಲಲ್ಲೇ ನಿಂತು, “ಏನ್ರಿ ಮಾಸ್ತರ, ಸಾಲಿ ನಡಸಾಕತ್ತೀರೋ, ಬಯಲಾಟದ ಬಣ್ಣದ ಮನಿ ನಡಸಾಕತ್ತೀರೋ?” ಎಂದು ಗದರಿದರು. ‘ಸೀಮೆಸುಣ್ಣ ಕದಿಯಬಾರದು’ ಎಂದು ಹಲಗೆಯ ಮೇಲೆ ದಪ್ಪಗೆ ಬರೆಯಲು ರಭಸದಿಂದ ಹೋದರು. ಬರೆಯಲು ಸೀಮೆಸುಣ್ಣವೇ ಇರಲಿಲ್ಲ.

೨. ಹಾಲಿನ ಝಳಕ

ನಮ್ಮ ಕಡೆ ಎಳೆಗೂಸುಗಳಿಗೆ ಒಂದು ಚಮಚ ಕತ್ತೆಹಾಲು ಕುಡಿಸುವುದುಂಟು. ಒಬ್ಬಾಕೆ ಕತ್ತೆ ಹೊಡಕೊಂಡು ಓಣಿ ಓಣಿ ತಿರುಗಿ, ಮನೆ ಮುಂದೆಯೇ ಹಿಂಡಿ ಕೊಡುತ್ತಿದ್ದಳು. ರೋಮಿನ ರಾಣಿಯೊಬ್ಬಳು ಅದೇ ಹಾಲಿನಲ್ಲಿ ಝಳಕ ಮಾಡುತ್ತಿದ್ದಳೆಂದು ನಾನು ಹೇಳಿದ ಮರುದಿನ ಆಕೆ ಕತ್ತೆಸಮೇತ ಶಾಲೆಯ ಗೇಟಿಗೆ ಬಂದಳು.

“ನಿಮ್ಮ ಹುಡುಗ್ಯಾರು ತಂಬಿಗಿ ಹಿಡ್ಕೊಂಡು ನನ್ನ ಬೆನ್ನ ಹತ್ಯಾರ್ರಿ! ಕೂಸಿಗೆ ಇಲ್ಲದ ಹಾಲು ಇವರ ಮಾರಿಗೇನ್ರಿ?” ಎಂದಳು. ಆಮೇಲೆ ಸ್ವಲ್ಪ ತಣ್ಣಗಾಗಿ, “ಆ ರಾಣಿಗೆ ಎಷ್ಟ್ ಕತ್ತಿ ಬೇಕಾದ್ವು?” ಎಂದು ಕೇಳಿದಳು.

“ಐದುನೂರಂತವ್ವಾ.”

ಆಕೆ ತನ್ನ ಒಂದು ಕತ್ತೆಯನ್ನು ನೋಡಿದಳು, ನನ್ನನ್ನು ನೋಡಿದಳು. “ಐದ್ನೂರು ಕತ್ತಿ ಕಾಯ್ದಾಕಿ ಮಾರಿ ಹೆಂಗಾಗಿತ್ತು, ಅದನ್ನೂ ಹುಡುಗ್ಯಾರಿಗೆ ಹೇಳ್ರಿ ಮಾಸ್ತರ!”

೩. ಹಿಟ್ಟಿನ ಲೇಪ

ಜವೆಗೋದಿ ಹಿಟ್ಟು, ತತ್ತಿ, ಜೇನು ಕಲಸಿ ಮುಖಕ್ಕೆ ಮೆತ್ತಿಕೊಳ್ಳುತ್ತಿದ್ದರು ಎಂದದ್ದು ಮೂರನೆಯ ತಪ್ಪು. ನೇಕಾರರ ಮನೆಯ ಒಬ್ಬ ಹುಡುಗಿಗೆ ತರಗತಿಯಲ್ಲಿ ಬಾಯಿ ಮುಚ್ಚಿ ಗೊತ್ತೇ ಇರಲಿಲ್ಲ. ಮನೆ ಲಿಂಗಾಯತರದು, ತತ್ತಿಯ ಹೆಸರೆತ್ತುವಂತಿಲ್ಲ. ಅದಕ್ಕೆ ಅವಳು ಜೋಳದ ಹಿಟ್ಟಿಗೆ ಬೆಲ್ಲದ ಪಾಕ ಹಾಕಿ ಮೆತ್ತಿಕೊಂಡಳು. ಅದು ಒಣಗಿ ಗಟ್ಟಿಯಾಗಿ ಬಾಯಿ ಬಿಡಲಾಗದೆ ಕೂತಳಂತೆ.

ಮರುದಿನ ಅವಳ ಅಜ್ಜಿ ಶಾಲೆಗೆ ಬಂದಾಗ ನಾನು ಕಂಬದ ಮರೆಗೆ ಸರಿದೆ. ಆದರೂ ಹಿಡಿದಳು.

“ಮಾಸ್ತರ, ಒಂದ್ ತಾಸು ನಮ್ಮ ಮನಿ ತಣ್ಣಗಿತ್ತು ನೋಡ್ರಿ. ವಾರಕ್ಕೊಮ್ಮೆ ಈ ಪಾಠ ಮಾಡ್ರಿ.”

೪. ತಪಾಸಣೆ

ಕೊನೆಗೂ ಸಾಹೇಬರು ಬಂದರು. ನಿವೃತ್ತಿಗೆ ಹತ್ತಿರದ ವಯಸ್ಸು, ಆದರೆ ಕೂದಲು ಕಾಡಿಗೆಗಪ್ಪು. ಎಲೆ, ಅಡಿಕೆ, ತಂಬಾಕು ಹಾಕಿ ಹಾಕಿ ಹಲ್ಲೂ ಅದೇ ಬಣ್ಣ. ಹುಡುಗಿಯರಿಗೆ ರಾಜರ ಹೆಸರುಗಳನ್ನು ಬಾಯಿಪಾಠ ಮಾಡಿಸಿ ಇಟ್ಟಿದ್ದೆ.

“ರೋಮನ್ನರ ಬಗ್ಗೆ ಯಾರ್ ಹೇಳ್ತೀರಿ?” ಎಂದು ಕೇಳಿದರು. ನೇಕಾರರ ಹುಡುಗಿ ನಾನು ಕಣ್ಣು ಬಿಡುವಷ್ಟರಲ್ಲಿ ಎದ್ದು, ರಾಜರನ್ನು ಬಿಟ್ಟು ನಾನು ಎಂದೋ ಹೇಳಿ ಮರೆತದ್ದನ್ನೇ ಶುರುಮಾಡಿದಳು.

“ಅವರು ರಕ್ತ ಹೀರೋ ಜಿಗಳಿ ಹುಳ ಕೊಳಸಿ ತಲಿಗೆ ಹಚ್ಚಿ ಬಿಳಿ ಕೂದಲ ಕರ್ರಗ ಮಾಡ್ಕೊಳ್ತಿದ್ರ್ರಿ. ಹಚ್ಚೂಮುಂದ ಬಾಯಿತುಂಬ ಎಣ್ಣಿ ಹಿಡ್ಕೊಂಡು ಕುಂದ್ರಬೇಕ್ರಿ. ಇಲ್ಲಾಂದ್ರ ಹಲ್ಲೂ ಕರ್ರಗಾಗ್ತಾವ್ರಿ.”

ಇಷ್ಟಕ್ಕೇ ಕೂತಿದ್ದರೆ ಚೆನ್ನಾಗಿತ್ತು. ಸಾಹೇಬರ ತಲೆ ನೋಡಿದಳು, ಹಲ್ಲು ನೋಡಿದಳು, ನಿಜವಾಗಿಯೂ ಮರುಗಿದಳು.

“ಸಾಹೇಬ್ರ, ನಿಮಗ ಎಣ್ಣಿ ಹಿಡ್ಕೊಳ್ರಿ ಅಂತ ಯಾರೂ ಹೇಳ್ಲೇ ಇಲ್ಲೇನ್ರಿ?”

ಹೆಡ್ ಮಾಸ್ತರು ಮಾಡಿನ ಹಂಚು ಎಣಿಸತೊಡಗಿದರು. ಕಮತಗಿಯ ಹುಡುಗಿ ನನ್ನ ಕಣ್ಣೆದುರೇ ಇನ್ನೊಬ್ಬರ ಮನೆಯ ಹೊಸ್ತಿಲು ದಾಟಿ ಹೋದಳು. ಸಾಹೇಬರು ವಹಿ ಮುಚ್ಚಿ, “ಮಾಸ್ತರ, ಸ್ವಲ್ಪ ಹೊರಗ ಬರ್ರಿ” ಎಂದರು.

ಪಡಸಾಲೆಯ ತುದಿಗೆ ಕರೆದೊಯ್ದು ಆ ಕಡೆ ನೋಡಿದರು, ಈ ಕಡೆ ನೋಡಿದರು. ಅವರು ಕಿವಿಯ ಹತ್ತಿರ ಬಾಗಿ ಮೆಲ್ಲಗೆ ಕೇಳಿದರು:

“ಆ ಎಣ್ಣಿ... ಕುಸುಬಿ ಎಣ್ಣಿ ನಡೀತೈತೇನ್ರಿ?”

“ನಡೀತೈತ್ರಿ ಸಾಹೇಬ್ರ, ಗಾಣದ್ದಾದ್ರ ಇನ್ನೂ ಚಲೋ,” ಎಂದೆ.

ಮರುತಿಂಗಳೇ ಕಾಯಂ ಆರ್ಡರ್ ಬಂತು.