ಹೆಣ್ಣು ಕುದುರೆ ಬಸಿರಾದ ಬಗೆ

ಪಶುವೈದ್ಯನಾದವನು ದನಕರುಗಳಿಗೆ ಹೇಗೋ ಮದ್ದು ಕೊಟ್ಟುಬಿಡಬಹುದು; ಅವುಗಳ ಯಜಮಾನರಿಗೆ ವಿಷಯ ತಿಳಿಸಿ ಹೇಳುವುದೇ ಕಷ್ಟ. ಐವತ್ತರ ದಶಕದಲ್ಲಿ ಭದ್ರಾವತಿಯಲ್ಲಿದ್ದಾಗ ಇದು ನನಗೆ ವಾರಕ್ಕೊಮ್ಮೆ ಮನದಟ್ಟಾಗುತ್ತಿತ್ತು. ಮನದಟ್ಟು ಮಾಡಿಸಿದವರಲ್ಲಿ ಜಟಕಾ ಹೊಡೆಯುತ್ತಿದ್ದ ಸಾಬರೊಬ್ಬರಿಗೆ ಮೊದಲ ಸ್ಥಾನ. ಅವರಿಗಿದ್ದದ್ದು ಒಂದೇ ಹೆಣ್ಣು ಕುದುರೆ. ಅದಕ್ಕೂ ವಯಸ್ಸಾಗುತ್ತಿತ್ತು. ಒಂದು ಮರಿ ಹಾಕದೆ ಹೋದರೆ ಸಾಬರ ಜಟಕಾ ಮೂಲೆ ಸೇರಿದಂತೆಯೇ. ಎರಡು ವರ್ಷದಿಂದ ಅದು ಬಸಿರಾಗಿರಲಿಲ್ಲ.

ಕುದುರೆ ಮೊಟ್ಟೆ

ಗಂಡು ಕುದುರೆ ಇದ್ದದ್ದು ಶಿವಮೊಗ್ಗದ ಸವಳಂಗ ರಸ್ತೆಯಲ್ಲಿ. ಮೊದಲು ಅದರ ಬೀಜ ನೋಡೋಣವೆಂದು ಮೈಕ್ರೋಸ್ಕೋಪು ಹೊತ್ತುಕೊಂಡು ಸಾಬರ ಜೊತೆ ಹೋದೆ. ಒಂದು ಹನಿಯನ್ನು ಗಾಜಿನ ಮೇಲಿಟ್ಟು ಸಾಬರಿಗೂ ತೋರಿಸಿದೆ. ಅವರು ಒಂದು ಕಣ್ಣು ಮುಚ್ಚಿ ಬಹಳ ಹೊತ್ತು ನೋಡಿದರು.

"ಏನ್ ಗದ್ದಲ ಡಾಕ್ಟ್ರೇ. ಇಷ್ಟೊಂದು ಜನ ಎಲ್ಲಿಗೆ ಓಡ್ತಿದಾರೆ?"

"ಮೊಟ್ಟೆ ಹುಡುಕ್ಕೊಂಡು."

"ಯಾರ ಮೊಟ್ಟೆ?"

"ನಿಮ್ಮ ಕುದುರೇದೇ."

ಸಾಬರು ತಲೆಯೆತ್ತಿ ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ನಾನು ಓದಿಲ್ಲ, ನಿಜ. ಆದ್ರೆ ಕುದುರೆ ಮೊಟ್ಟೆ ಕಥೆ ನಮ್ಮಜ್ಜೀನೂ ಹೇಳಿದಾಳೆ ಸ್ವಾಮಿ."

ಒಳಗಿನ ಪ್ರಯಾಣಿಕರು

ಎರಡೂ ಕೂಡಿದ ಮೇಲೆ ಸಾಬರಿಗೆ ಬಿಡಿಸಿ ಹೇಳಿದೆ: "ಒಳಗೊಂದು ಸಣ್ಣ ಕೊಳವೆ ಇದೆ. ಬೀಜ ಅಲ್ಲಿಗೆ ಹೋಗಿ ಗೋಡೆ ಹಿಡ್ಕೊಂಡು ಮೊಟ್ಟೆ ಬರೋ ತನಕ ಕಾಯುತ್ತೆ. ಎರಡು ಮೂರು ದಿನ ಆದ್ರೂ ಸರಿ."

ಮಾರನೆಯ ಬೆಳಿಗ್ಗೆ ಶಾಲೆಯ ಮೇಷ್ಟ್ರೊಬ್ಬರು ನ್ಯೂ ಟೌನಿಗೆ ಹೋಗಲು ಆ ಜಟಕಾ ಹತ್ತಿದರು. ಕುದುರೆ ಹೆಜ್ಜೆ ಎಣಿಸುತ್ತಿತ್ತು.

"ಬೇಗ ಹೊಡಿ ಮಾರಾಯ, ಗಂಟೆ ಆಗುತ್ತೆ."

"ಆಗಲ್ಲ ಮೇಷ್ಟ್ರೇ. ಒಳಗೆ ಲಕ್ಷಾಂತರ ಜನ ಗೋಡೆ ಹಿಡ್ಕೊಂಡು ನಿಂತಿದಾರೆ. ಕುಲುಕಿದ್ರೆ ಬಿದ್ದುಬಿಡ್ತಾರೆ."

ಮೇಷ್ಟ್ರು ಜಟಕಾದೊಳಗೆ ಸುತ್ತಲೂ ನೋಡಿದರು. ಇದ್ದದ್ದು ಅವರೊಬ್ಬರೇ. ಮುಂದಿನ ತಿರುವಿನಲ್ಲಿ ಇಳಿದು ನಡೆದೇ ಹೋದರಂತೆ.

ಪುಸ್ತಕದ ಮಾತು

ಇಷ್ಟಾದರೂ ಕುದುರೆ ಬಸಿರಾಗಲಿಲ್ಲ. ಸಾಬರು ಅದರ ಕುತ್ತಿಗೆ ಸವರುತ್ತ ನಿಂತಿದ್ದನ್ನು ನೋಡಿ ನನಗೆ ನಿಜಕ್ಕೂ ಸಂಕಟವಾಯಿತು. ನನ್ನ ಹತ್ತಿರ ಮದ್ದಿರಲಿಲ್ಲ. ಮದ್ದಿಲ್ಲದಾಗ ವೈದ್ಯರು ಪುಸ್ತಕದ ಮಾತಾಡುತ್ತಾರೆ. ನಮ್ಮ ಆಸ್ಪತ್ರೆಯ ಕಾಂಪೌಂಡರ್ ಬೇರೆ ಪಕ್ಕದಲ್ಲಿದ್ದ. ಹಿಂದೆ ಕೊಳವೆ ಎಂದದ್ದನ್ನೇ ಈಗ ನಾಳ ಮಾಡಿ ಗಂಭೀರವಾಗಿ ಹೇಳಿದೆ:

"ತೊಂದರೆ ನಾಳದಲ್ಲಿದೆ. ನಾಳ ಸರಿಹೋದ್ರೆ ಗರ್ಭ ನಿಲ್ಲುತ್ತೆ. ಇನ್ನೊಂದು ಸಲ ನೋಡಿ, ಅದೇ ಕೊನೆ."

ಸಾಬರು ತಲೆಯಾಡಿಸಿ ಹೋದರು.

ವರ್ಷ ಕಳೆದ ಮೇಲೆ ಜಿಲೇಬಿ ಪೊಟ್ಟಣದೊಂದಿಗೆ ಬಂದರು. ಹಿಂದೆ ಕುದುರೆ, ಅದರ ಹಿಂದೆ ಉದ್ದ ಕಾಲಿನ ಮರಿ. ನನಗೆ ಕಣ್ಣು ತುಂಬಿತು. ಹೇಗಾಯಿತೆಂದು ಕೇಳಿದೆ.

"ಎಲ್ಲಾ ನಿಮ್ಮ ಮಾತಿನಂತೆ ಡಾಕ್ಟ್ರೇ. ನಾಲ್ ಸರಿಯಿಲ್ಲ ಅಂದ್ರಲ್ಲ, ಅವತ್ತೇ ಕಮ್ಮಾರನ ಹತ್ರ ಹೋಗಿ ನಾಲ್ಕು ಕಾಲಿಗೂ ಹೊಸದು ಹೊಡೆಸಿದೆ. ಆಮೇಲೆ ಶಿವಮೊಗ್ಗಕ್ಕೆ ಒಂದೇ ಸಲ ಹೋಗಿದ್ದು."

ಸಾಬರ ಮನೆಮಾತಿನಲ್ಲಿ ನಾಲ್ ಎಂದರೆ ಲಾಳ. ಕಾಂಪೌಂಡರ್ ಕೆಮ್ಮುತ್ತ ಹೊರಗೆ ಹೋದ. ನಾನು ಜಿಲೇಬಿ ಬಾಯಿಗಿಟ್ಟುಕೊಂಡೆ.

ಹೊರಡುವಾಗ ಸಾಬರು ಹತ್ತಿರ ಬಂದು, ಕಕ್ಕುಲಾತಿಯಿಂದ, ದನಿ ತಗ್ಗಿಸಿ ಹೇಳಿದರು: "ತಮಗೂ ಮದುವೆಯಾಗಿ ಐದು ವರ್ಷ, ಇನ್ನೂ ಮಕ್ಕಳಾಗಿಲ್ಲ ಅಂತ ಕೇಳ್ದೆ. ತಪ್ಪು ತಿಳೀಬೇಡಿ, ತಮ್ಮ ಬೂಟು ಬಹಳ ಸವೆದಿದೆ."