ಮೀಟರಯ್ಯನಿಗೆ ಆಯಸ್ಸು ಜಾಸ್ತಿ

ಮೀಟರಯ್ಯನ ನೆಮ್ಮದಿ ಕೆಡಿಸಿದ್ದು ಒಂದೇ ಒಂದು ಖಾಲಿ ಕಾಲಂ. ನೀರಿನ ಮೀಟರ್ ತಯಾರಿಸುವ ಕಾರ್ಖಾನೆಯಲ್ಲಿ ಮೂವತ್ತೊಂದು ವರ್ಷದಿಂದ ಅವನದು ಒಂದೇ ಕೆಲಸ. ಮೀಟರಿಗೆ ನೀರು ಬಿಡಬೇಕು, ಮುಳ್ಳು ತಿರುಗುವುದನ್ನು ನೋಡಬೇಕು, ಸರಿಯಿದ್ದರೆ ಮೊಹರು ಒತ್ತಬೇಕು. ಎಲ್ಲವೂ ನಿಂತುಕೊಂಡೇ. ಅಪ್ಪ ಅಮ್ಮ ಇಟ್ಟ ಹೆಸರು ಸಂಬಳದ ಚೀಟಿಯಲ್ಲಿ ಬಿಟ್ಟರೆ ಬೇರೆಲ್ಲೂ ಉಳಿದಿರಲಿಲ್ಲ. ನಿಂತೂ ನಿಂತೂ ಕಾಲಿನ ನರಗಳು ಹಗ್ಗದ ಹಾಗೆ ಉಬ್ಬಿದ್ದವು. ಐವತ್ತಾರನೇ ವಯಸ್ಸಿಗೆ ಆ ಬಡಪಾಯಿಗೆ ಉಳಿದ ಆಸೆ ಒಂದೇ: ಕೂರಬೇಕು.

ಹಾಗಾಗಿ ಕಂಪನಿ ಸ್ವಯಂ ನಿವೃತ್ತಿ ಯೋಜನೆ ತಂದಾಗ ಹಿಂದೆ ಮುಂದೆ ನೋಡದೆ ಅರ್ಜಿ ಹಾಕಿಬಿಟ್ಟಿದ್ದ. ಮನಸ್ಸು ಬದಲಾಯಿಸಿ ಅರ್ಜಿ ವಾಪಸ್ ಪಡೆಯುವವರಿಗೆ ಇವತ್ತು ಸಂಜೆ ಐದು ಗಂಟೆಯೇ ಗಡುವು. ಬರುವ ಇಡುಗಂಟನ್ನು ಎಲ್ಲಿ ಹೂಡಬೇಕೆಂದು ತಿಳಿಸಲು ಒಬ್ಬ ಸಲಹೆಗಾರನನ್ನೂ ಕಂಪನಿ ಕ್ಯಾಂಟೀನಿನ ಮೂಲೆಯಲ್ಲಿ ಕೂರಿಸಿತ್ತು. ಇನ್ನೂ ಮೀಸೆ ಸರಿಯಾಗಿ ಬಾರದ, ಟೈ ಕಟ್ಟಿದ ಹುಡುಗ. ಬೆಳಗ್ಗೆ ಎಲ್ಲ ವಿವರ ಬರೆದುಕೊಂಡು ಕೊನೆಗೆ ಕೇಳಿದ:

"ಸಾರ್, ಎಷ್ಟು ವರ್ಷದ ತನಕ ಬದುಕ್ತೀರಿ?"

"ಅಯ್ಯೋ, ಅದು ಮೇಲಿರೋನಿಗೆ ಗೊತ್ತಪ್ಪ."

"ಅವರ ನಂಬರ್ ನನ್ನ ಹತ್ರ ಇಲ್ಲ ಸಾರ್. ನೀವೇ ಹೇಳ್ಬೇಕು. ಈ ಕಾಲಂ ತುಂಬದೆ ಕಂಪ್ಯೂಟರ್ ಮುಂದಕ್ಕೆ ಹೋಗಲ್ಲ."

ಪುಕ್ಕಟೆ ಸಿಗುವುದನ್ನು ಯಾಕೆ ಬಿಡಬೇಕೆಂದು ಮೀಟರಯ್ಯ, "ತೊಂಬತ್ತು ಹಾಕು" ಎಂದ. ಪರದೆ ಕೆಂಪಾಯಿತು. ಎಂಬತ್ತೈದಕ್ಕೂ ಕೆಂಪು, ಎಂಬತ್ತಕ್ಕೂ ಕೆಂಪು. ಚೌಕಾಸಿ ಮಾಡಿದ ಹಾಗೆ ಒಂದೊಂದೇ ವರ್ಷ ಇಳಿಸುತ್ತ ಬಂದು ಎಪ್ಪತ್ತಾರು ಎಂದಾಗ ಹಸಿರಾಯಿತು.

"ಎಪ್ಪತ್ತಾರರ ತನಕ ದುಡ್ಡು ಸಾಲುತ್ತೆ, ಆರಾಮಾಗಿ ಇರ್ಬಹುದು ಸಾರ್."

"ಆಮೇಲೆ?"

"ಆಮೇಲೆ ನೀವು ಇರಬಾರದು, ಅಷ್ಟೇ."

"ಷೇರಿಗೆ ಹಾಕಿದ್ರೆ?"

"ಹಾಕಬಹುದು. ಎಪ್ಪತ್ತಾರು ಹೋಗಿ ತೊಂಬತ್ತಾದ್ರೂ ಆಗ್ಬಹುದು, ಅರವತ್ತಾದ್ರೂ ಆಗ್ಬಹುದು. ನೀವು ಇಪ್ಪತ್ತೈದನೇ ವಯಸ್ಸಲ್ಲೇ ತಿಂಗಳಿಗೆ ಒಂದಿಷ್ಟು ಹೂಡ್ತಾ ಬಂದಿದ್ರೆ ಈ ತಾಪತ್ರಯವೇ ಇರ್ತಿರಲಿಲ್ಲ ಸಾರ್."

"ಹೇಳೋಕೆ ಆಗ ನೀನಿನ್ನೂ ಹುಟ್ಟಿರಲಿಲ್ವಲ್ಲಪ್ಪ" ಎಂದು ಮೀಟರಯ್ಯ ಎದ್ದು ಬಂದ.

ಹತ್ತೂವರೆಯ ಟೀ ಹೊತ್ತಿಗೆ ವಿಷಯ ಎಲ್ಲರ ಬಾಯಿಗೆ ಬಿದ್ದಿತ್ತು. ಸ್ಟೋರ್‌ಕೀಪರ್ ಲೋಟ ಹಿಡಿದುಕೊಂಡು ವಿಚಾರಣೆಗೇ ನಿಂತ.

"ನಿಮ್ಮ ತಂದೆ ಎಷ್ಟಕ್ಕೆ ಹೋದ್ರು?"

"ತೊಂಬತ್ತೊಂದಕ್ಕೆ."

"ಏನಾಗಿತ್ತು?"

"ಏಣಿಯಿಂದ ಬಿದ್ರು. ಗೋಡೆಗೆ ಸುಣ್ಣ ಹೊಡೀತಿದ್ರು."

"ಅಂದ್ರೆ ಏಣಿ ಜಾರದೆ ಇದ್ದಿದ್ರೆ ಇನ್ನೂ ಇರೋರು!" ಸ್ಟೋರ್‌ಕೀಪರ್ ನಾಲಿಗೆ ಕಚ್ಚಿಕೊಂಡ. "ಅಜ್ಜಿ?"

"ತೊಂಬತ್ತೇಳು."

ಸುತ್ತ ನಿಂತವರೆಲ್ಲ ಸಾವಿನ ಮನೆಗೆ ಬಂದವರ ಹಾಗೆ ಲೊಚಗುಟ್ಟಿದರು. "ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತಾರೆ. ನಿಮ್ಮ ಹಾಸಿಗೆ ಎಪ್ಪತ್ತಾರಕ್ಕೇ ಮುಗಿಯುತ್ತೆ, ಕಾಲು ನೋಡಿದ್ರೆ ತೊಂಬತ್ತೇಳರ ತನಕ ಇದೆ" ಎಂದ ಸ್ಟೋರ್‌ಕೀಪರ್.

ಪ್ಯಾಕಿಂಗ್ ವಿಭಾಗದ ದಪ್ಪಣ್ಣ ಮಾತ್ರ ಎದೆಯುಬ್ಬಿಸಿ ನಿಂತಿದ್ದ. "ನನಗೆ ಶುಗರ್ ಇದೆ, ಬಿಪಿ ಇದೆ, ದಿನಕ್ಕೆ ಒಂದು ಪ್ಯಾಕ್ ಸಿಗರೇಟು. ಎಪ್ಪತ್ತು ದಾಟಲ್ಲ ಅಂತ ಬರೆದುಕೊಡ್ತೀನಿ. ಇದಕ್ಕೆ ಪ್ಲಾನಿಂಗ್ ಅನ್ನೋದು!" ಎಂದು ದೊಡ್ಡ ಮನಸ್ಸು ಮಾಡಿ ಮೀಟರಯ್ಯನಿಗೂ ಒಂದು ಸಿಗರೇಟು ಕೊಟ್ಟ. ಎರಡು ದಮ್ಮಿಗೇ ಮೀಟರಯ್ಯನ ಕಣ್ಣಲ್ಲಿ ನೀರು ಬಂತು, ಕಾಯಿಲೆ ಬರಲಿಲ್ಲ.

ಉಳಿದದ್ದು ಒಂದೇ ದಾರಿ. ಕಂಪನಿಯ ಡಾಕ್ಟರ ಹತ್ತಿರ ಹೋದ. ತನಗೂ ಏನಾದರೂ ಸಣ್ಣದೊಂದು ಇರಬಹುದು, ಈಗಲ್ಲ, ಎಪ್ಪತ್ತಾರರ ಸುಮಾರಿಗೆ ಕೈಕೊಡುವಂಥದ್ದು, ಎಂದು ಅವನಿಗೆ ಆಸೆ. ಡಾಕ್ಟರು ಎದೆ ಬಡಿತ ಕೇಳಿದರು, ರಕ್ತದೊತ್ತಡ ನೋಡಿದರು, ಕಣ್ಣರೆಪ್ಪೆ ಎಳೆದು ನೋಡಿದರು.

"ಭೇಷ್! ಇಪ್ಪತ್ತೈದರ ಹುಡುಗನ ಹೃದಯ ಕಣ್ರೀ."

"ಇನ್ನೊಂದ್ಸಲ ನೋಡಿ ಡಾಕ್ಟ್ರೇ. ಈ ಕಾಲಿನ ನರ?"

"ನೋವು ಕೊಡುತ್ತೆ ಅಷ್ಟೇ. ಅದರಿಂದ ಯಾರೂ ಸಾಯಲ್ಲ. ಧೈರ್ಯವಾಗಿ ಹೋಗಿ, ನೀವು ಸೆಂಚುರಿ ಹೊಡೀತೀರಿ!"

ಮೀಟರಯ್ಯ ಹೊರಗೆ ಬಂದವನೇ ಬೆಂಚಿನ ಮೇಲೆ ತಲೆಗೆ ಕೈ ಹೊತ್ತು ಕೂತು ಅತ್ತುಬಿಟ್ಟ. ನಿಜವಾಗಿ, ಬಿಕ್ಕಿ ಬಿಕ್ಕಿ ಅತ್ತ. ಇಪ್ಪತ್ನಾಲ್ಕು ವರ್ಷ ಕೈಯಲ್ಲಿ ಕಾಸಿಲ್ಲದೆ ಗುಂಡುಕಲ್ಲಿನ ಹಾಗೆ ಬದುಕಿರುವುದನ್ನು ನೆನೆದರೆ ಯಾರಿಗೆ ತಾನೆ ಅಳು ಬರುವುದಿಲ್ಲ? ಬಾಗಿಲಲ್ಲಿದ್ದ ನರ್ಸಮ್ಮ ಅದನ್ನು ನೋಡಿದಳು. ಡಾಕ್ಟರ ಕೋಣೆಯಿಂದ ಬಂದು ಅಳುವವರನ್ನು ಅವಳು ಬೇಕಾದಷ್ಟು ಕಂಡಿದ್ದಳು. ಏನೂ ಕೇಳದೆ ಅವನ ಭುಜ ತಟ್ಟಿ ಕಳಿಸಿದಳು.

ಕ್ಯಾಂಟೀನಿಗೆ ಹೋದ ನರ್ಸಮ್ಮ, "ಪಾಪ, ಮೀಟರಯ್ಯ ಅಳ್ತಾ ಹೋದ್ರು" ಎಂದಳು. ಅದು ಪ್ಯಾಕಿಂಗ್ ಮುಟ್ಟುವಷ್ಟರಲ್ಲಿ "ಡಾಕ್ಟ್ರು ಕೈಬಿಟ್ಟರಂತೆ" ಎಂದಾಗಿತ್ತು. ಸ್ಟೋರಿಗೆ ಬಂದಾಗ "ಆರೇ ತಿಂಗಳಂತೆ." ಕೇಳಬಾರದ ಕಿವಿಗಳಿಗೆಲ್ಲ ಬಿತ್ತು, ಮೀಟರಯ್ಯನದೊಂದನ್ನು ಬಿಟ್ಟು.

ಮಧ್ಯಾಹ್ನ ಅವನು ತನ್ನ ಜಾಗಕ್ಕೆ ಬಂದು ನೋಡಿದರೆ, ಮೂವತ್ತೊಂದು ವರ್ಷದಲ್ಲಿ ಇಲ್ಲದ ಒಂದು ಕುರ್ಚಿ ಅಲ್ಲಿತ್ತು. ಮೆತ್ತೆ ಹಾಕಿದ ಕುರ್ಚಿ, ಸ್ಟೋರ್‌ಕೀಪರ್ ಸ್ವತಃ ಹೊತ್ತು ತಂದದ್ದು.

"ಕೂತ್ಕೊಳ್ಳಿ ಮೀಟರಯ್ಯ. ಇಷ್ಟು ದಿನ ನಮಗೆ ಬುದ್ಧಿ ಬರಲಿಲ್ಲ" ಎಂದು ಮುಖ ತಿರುಗಿಸಿಕೊಂಡು ಹೋದ.

ಮೀಟರಯ್ಯ ಕೂತ. ಕೂತೇ ಮೀಟರಿಗೆ ನೀರು ಬಿಟ್ಟ, ಕೂತೇ ಮೊಹರು ಒತ್ತಿದ. ಆಹಾ, ಸ್ವರ್ಗ! ಕಾಲುನೋವು ಇಳಿಯುತ್ತ ಹೋದ ಹಾಗೆ ತಲೆ ಓಡತೊಡಗಿತು. ಕುರ್ಚಿಯೊಂದಿದ್ದರೆ ನಿವೃತ್ತಿ ಯಾಕೆ ಬೇಕು? ಅರವತ್ತರ ತನಕ ದುಡಿದು, ಹುಡುಗ ಹೇಳಿದ ಹಾಗೆ ತಿಂಗಳು ತಿಂಗಳು ಹೂಡಿದರೆ, ತೊಂಬತ್ತೊಂದಲ್ಲದಿದ್ದರೂ ಎಂಬತ್ತೈದನ್ನಾದರೂ ಹಸಿರು ಮಾಡಬಹುದು. ನಾಲ್ಕೂವರೆಗೆ ಅರ್ಜಿ ಹಿಂಪಡೆಯುವ ಪತ್ರ ಬರೆದುಕೊಂಡು ಮ್ಯಾನೇಜರ್ ಕೋಣೆಗೆ ಓಡಿದ.

ಅವನನ್ನು ಕಂಡದ್ದೇ ಮ್ಯಾನೇಜರ್ ಎದ್ದು ನಿಂತು ಎರಡೂ ಕೈ ಹಿಡಿದುಕೊಂಡರು. "ಬನ್ನಿ ಬನ್ನಿ. ವಿಷಯ ತಿಳೀತು. ನಿಮ್ಮನ್ನ ಕಾಯಿಸಬಾರದು ಅಂತ ಎಲ್ಲರಿಗಿಂತ ಮೊದಲು ನಿಮ್ಮ ಅರ್ಜಿಗೇ ಸಹಿ ಹಾಕಿದೆ. ಮಂಜೂರಾಗಿ ಹೆಡ್ ಆಫೀಸಿಂದ ಆರ್ಡರೂ ಬಂತು. ನಾಳೆಯಿಂದ ನೀವು ಬರೋದೇ ಬೇಡ."

"ಸಾರ್, ಗಡುವು ಐದಕ್ಕಲ್ವಾ? ನನಗೆ ನಿವೃತ್ತಿ ಬೇಡ!"

"ಗಡುವು ಅರ್ಜಿ ಹಾಗೇ ಇದ್ರೆ ಮಾತ್ರ. ಮಂಜೂರಾದ್ಮೇಲೆ ಮುಗೀತು. ಇನ್ನೂ ದುಡೀಬೇಕು ಅಂತೀರಲ್ಲ, ಎಂಥಾ ನಿಷ್ಠೆ ರೀ ನಿಮ್ಮದು!"

"ನನಗೇನೂ ಕಾಯಿಲೆ ಇಲ್ಲ ಸಾರ್! ಗಟ್ಟಿಯಾಗಿದ್ದೀನಿ, ನೂರು ವರ್ಷ ಬದುಕ್ತೀನಂತೆ!"

ಮ್ಯಾನೇಜರ ಕಣ್ಣು ಒದ್ದೆಯಾಯಿತು. "ನಮ್ಮ ಮಾವನೂ ಕೊನೇ ದಿನದ ತನಕ ಹೀಗೇ ಹೇಳ್ತಿದ್ರು" ಎಂದರು. ಡಾಕ್ಟರನ್ನೇ ಕೇಳೋಣವೆಂದರೆ ಅವರು ನಾಲ್ಕಕ್ಕೇ ಮನೆಗೆ ಹೋಗಿದ್ದರು.

ಮನೆಯ ಬಾಗಿಲಲ್ಲೇ ಹೆಂಡತಿ ನಿಂತಿದ್ದಳು. ನರ್ಸಮ್ಮ ಫೋನ್ ಮಾಡಿದ್ದಳಂತೆ. ಅತ್ತೂ ಅತ್ತೂ ಅವಳ ಮುಖ ಊದಿಕೊಂಡಿತ್ತು. ಮೀಟರಯ್ಯ ಅವಳನ್ನು ಒಳಗೆ ಕರೆದುಕೊಂಡು ಹೋಗಿ ಎಲ್ಲವನ್ನೂ ಹೇಳಿದ. ಎಪ್ಪತ್ತಾರು, ಏಣಿ, ಸಿಗರೇಟು, ಡಾಕ್ಟರು, ಯಾವುದನ್ನೂ ಮುಚ್ಚಿಡಲಿಲ್ಲ.

"ಸದ್ಯ, ನೀವು ಚೆನ್ನಾಗಿದ್ದೀರಲ್ಲ, ಅಷ್ಟು ಸಾಕು" ಎಂದು ಅವಳು ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ಆಮೇಲೆ ಕೇಳಿದಳು: "ಅಲ್ಲಾ, ಆ ಹುಡುಗ ನನ್ನ ವಯಸ್ಸು ಕೇಳಲಿಲ್ವಾ?"

"ಕೇಳಿದ. ರಿಟೈರ್ ಆಗೋದು ನಾನು, ಅವಳ ವಯಸ್ಸು ಯಾಕೆ, ಬಿಟ್ಟಾಕು ಅಂದೆ."

"ನಿಮಗೆ ಎಪ್ಪತ್ತಾರು ಆದಾಗ ನನಗೆ ಬರೀ ಎಪ್ಪತ್ತು. ಹಣ ಮುಗಿಯೋ ಹೊತ್ತಿಗೆ ಸರಿಯಾಗಿ ಸಾಯೋದು ಹೇಗೆ ಅಂತ ಬೆಳಗ್ಗಿಂದ ಒದ್ದಾಡಿದ್ರಿ. ನೀವು ಹೋದ್ಮೇಲೆ ನಾನೇನ್ರೀ ತಿನ್ನಲಿ?"

ಮೂವತ್ತು ವರ್ಷ ಜೊತೆಗಿದ್ದವಳು ಇಡೀ ದಿನದಲ್ಲಿ ಒಮ್ಮೆಯೂ ಲೆಕ್ಕಕ್ಕೆ ಬಂದಿರಲಿಲ್ಲವಲ್ಲ ಎಂದು ಮೀಟರಯ್ಯನಿಗೆ ನಾಚಿಕೆಯಾಯಿತು, ಹಿಂದೆಯೇ ಹೆದರಿಕೆಯೂ ಆಯಿತು.

ಆಗ ನಡುಮನೆಯಿಂದ ಅತ್ತೆಯ ಗಟ್ಟಿ ದನಿ ಕೇಳಿಸಿತು. ಎಂಬತ್ತೊಂಬತ್ತು ವರ್ಷದ ಅವರು ಕನ್ನಡಕವಿಲ್ಲದೆ ಸೂಜಿಗೆ ದಾರ ಪೋಣಿಸುತ್ತಿದ್ದರು.

"ಅಳಿಯಂದ್ರೇ, ಅವಳ ಮಾತಿಗೆ ಗಾಬರಿಯಾಗ್ಬೇಡಿ. ನಮ್ಮಮ್ಮ ಹೋಗಿದ್ದು ನೂರಾ ಎರಡಕ್ಕೆ, ಅದೂ ಒಂದು ದಿನಾನೂ ಮಲಗಿದೋರಲ್ಲ. ಇವಳದ್ದೂ ಅದೇ ಮೈಕಟ್ಟು. ನೀವು ಮಾತ್ರ ನಿಮ್ಮ ಆರೋಗ್ಯ ನೋಡ್ಕೊಳ್ಳಿ."